'ವಿಳಂಬ' ಎಂದರೆ 'ಕಾಯಿರಿ' ಎಂದಲ್ಲ
ಮಗುವಿನ ಚೀಟಿಯಲ್ಲಿ ವೈದ್ಯರು 'ಬೆಳವಣಿಗೆಯ ವಿಳಂಬ' ಎಂದು ಬರೆದರೆ, ಕೋಲಾರದ ಕಡೆಯ ಎಷ್ಟೋ ಮನೆಗಳಲ್ಲಿ ಬಂಧುಗಳು ಅದನ್ನು 'ತಡವಾದರೂ ಬಂದೇ ಬರುತ್ತದೆ' ಎಂದು ಓದಿಕೊಳ್ಳುತ್ತಾರೆ. ಎರಡು ವರ್ಷವಾದರೂ ಮಾತು ಬಾರದ ಮಗುವಿನ ತಾಯಿಗೆ ಈ ಅರ್ಥ ಹೇಳಿ ಸಮಾಧಾನಪಡಿಸುವುದನ್ನು ಮತ್ತೆ ಮತ್ತೆ ಕೇಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಸಂಸ್ಕೃತದ 'ಲಂಬ್' ಧಾತುವಿಗೆ ತೂಗು, ಜೋಲು ಎಂಬ ಅರ್ಥವಿದೆ. 'ವಿ' ಸೇರಿದರೆ ಹಿಂದೆ ಉಳಿಯುವುದು; 'ಅವ' ಸೇರಿದರೆ ಅವಲಂಬನ, ಅಂದರೆ ಆಸರೆ. ಹಿಂದುಳಿದದ್ದು ತಾನಾಗಿಯೇ ಮುಂದೆ ಬರುತ್ತದೆಂಬ ಭರವಸೆ ಧಾತುವಿನಲ್ಲೂ ಇಲ್ಲ, ವೈದ್ಯರ ಬಳಕೆಯಲ್ಲೂ ಇಲ್ಲ. ಆ ವಯಸ್ಸಿಗೆ ಬಹುಪಾಲು ಮಕ್ಕಳು ಕಲಿತಿರುವುದನ್ನು ಈ ಮಗು ಇನ್ನೂ ಕಲಿತಿಲ್ಲ, ಕಾರಣ ಹುಡುಕಬೇಕು ಎಂಬುದಷ್ಟೇ ಅದರ ತಾತ್ಪರ್ಯ. ಅದನ್ನು ಬುದ್ಧಿಮಾಂದ್ಯದ ನಯವಾದ ಹೆಸರೆಂದು ತಿಳಿಯುವುದೂ ತಪ್ಪು.

ಮಾತಿನ ವಿಳಂಬದಲ್ಲಿ ಮೊದಲು ನೋಡಬೇಕಾದದ್ದು ಕಿವಿ. ಇಲ್ಲಿ ಅಜ್ಜಿಯರು ಮಗುವಿನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿದು, ಮಗು ತಿರುಗಿದೊಡನೆ 'ಕಿವಿ ಚೆನ್ನಾಗಿದೆ' ಎಂದು ತೀರ್ಮಾನಿಸುತ್ತಾರೆ. ದೊಡ್ಡ ಸದ್ದು ಕೇಳಿಸುವ ಮಗುವಿಗೂ ಮಾತಿನ 'ಸ', 'ಶ' ಧ್ವನಿಗಳು ಕೇಳಿಸದಿರಬಹುದು; ಹುಟ್ಟಿದ ಮಗುವಿಗೂ ನಿದ್ದೆಯಲ್ಲೇ ಓಎಇ, ಬೆರಾ ಎಂಬ ಶ್ರವಣ ಪರೀಕ್ಷೆಗಳನ್ನು ಮಾಡಬಹುದಾಗಿರುವಾಗ ತಟ್ಟೆಯನ್ನು ನಂಬಬೇಕಾಗಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ತಜ್ಞರ ಗುರಿ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾ ಕಳೆಯುವ ತಿಂಗಳುಗಳು ಮಿದುಳು ಭಾಷೆಯನ್ನು ಅತಿ ಸುಲಭವಾಗಿ ಹಿಡಿಯುವ ತಿಂಗಳುಗಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಇರುವುದೇ ಕಾರಣವೆಂದು ಒಂದು ಭಾಷೆಯನ್ನು ಬಿಡಿಸುವವರೂ ಇದ್ದಾರೆ. ಎರಡು ಭಾಷೆ ಕೇಳುವುದರಿಂದ ಈ ವಿಳಂಬ ಉಂಟಾಗುವುದಿಲ್ಲ.

ಹಾಗಾದರೆ ಬಂಧುಗಳು ಕೊಡಬಹುದಾದ ಆಸರೆ ಯಾವುದು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ಜಿಲ್ಲಾಸ್ಪತ್ರೆಗೆ ಕಳುಹಿಸಿದ ದಿನ ತಾಯಿಯ ಜೊತೆ ಹೋಗುವುದು, ಇಲ್ಲವೇ ಮನೆಯಲ್ಲಿರುವ ಇನ್ನೊಂದು ಮಗುವನ್ನು ನೋಡಿಕೊಳ್ಳುವುದು, ನೂರು ಸಮಾಧಾನಗಳಿಗಿಂತ ಹೆಚ್ಚಿನ ಉಪಕಾರ. 'ಬಸುರಿಯಾಗಿದ್ದಾಗ ಏನು ತಿಂದಿದ್ದೆ' ಎಂಬ ವಿಚಾರಣೆಯನ್ನು ಪೂರ್ತಿಯಾಗಿ ಬಿಡಬೇಕು. ಮಗುವಿಗೆ ಮುಖ ಕಾಣುವಂತೆ ಕುಳಿತು ಮಾತನಾಡಬೇಕು. ಮಗುವಿಗೆ ಕಿವಿ ಮಿಷಿನ್ ಕೊಟ್ಟಿದ್ದರೆ, ಮದುವೆಮನೆಯಲ್ಲಿ ಫೋಟೊ ಚೆನ್ನಾಗಿ ಬರಲೆಂದು ಅದನ್ನು ತೆಗೆಸಲೇಬಾರದು. ಅಷ್ಟು ಜನ ಹತ್ತಿರದವರು ಮಗುವನ್ನು ಹೆಸರು ಹಿಡಿದು ಮಾತನಾಡಿಸುವ ದಿನ ಅದಕ್ಕೆ ಪದೇ ಪದೇ ಸಿಗುವುದಿಲ್ಲ.