ಸಿನಿಮಾದಲ್ಲಿ ಕೇಳಿದ ಹಾಡು ಕ್ಯಾಸೆಟ್‌ನಲ್ಲಿ ಯಾಕಿಲ್ಲ?

2003ರ ಏಪ್ರಿಲ್ 4ರಂದು ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಆ ಪ್ರವಾಸದ ಹೆಸರು 'ಲಿಕ್ಸ್'. ಹಿಂದಿನ ವರ್ಷ ಬಂದಿದ್ದ 'ಫಾರ್ಟಿ ಲಿಕ್ಸ್' ಎಂಬ ಜೋಡಿ ಸಿ.ಡಿ.ಯ ಬೆನ್ನಿಗೇ ಬ್ಯಾಂಡ್ ಊರೂರು ಸುತ್ತುತ್ತಿತ್ತು. ಹಳೆಯ ಹಿಟ್‌ಗಳು 36, ಹೊಸವು 4, ಒಟ್ಟು 40 ಹಾಡು. ನಲವತ್ತು ವರ್ಷದ ಬ್ಯಾಂಡು ತನ್ನ ಹಿಟ್‌ಗಳನ್ನು ಒಂದು ಕಡೆ ಸೇರಿಸಿತು, ಅದರಲ್ಲೇನು ದೊಡ್ಡ ವಿಷಯ ಅನಿಸಬಹುದು. ದೊಡ್ಡ ವಿಷಯವೇ. ಅಲ್ಲಿಯವರೆಗೆ ಅವರಿಂದ ಅದು ಆಗಿರಲಿಲ್ಲ.

1993ರಲ್ಲಿ ಅವರದೇ 'ಜಂಪ್ ಬ್ಯಾಕ್' ಎಂಬ ಸಂಕಲನ ಬಂತು. ಅದರಲ್ಲಿ 'ಸ್ಯಾಟಿಸ್ಫ್ಯಾಕ್ಷನ್' ಇಲ್ಲ. 'ಪೇಂಟ್ ಇಟ್ ಬ್ಲ್ಯಾಕ್' ಇಲ್ಲ. ರೋಲಿಂಗ್ ಸ್ಟೋನ್ಸ್ ಅಂದರೆ ಜನರ ಬಾಯಿಗೆ ಮೊದಲು ಬರುವ ಹಾಡುಗಳೇ ಇಲ್ಲ. ಕಾರಣ, ಅರವತ್ತರ ದಶಕದ ಅವರ ರೆಕಾರ್ಡಿಂಗ್‌ಗಳು ಅವರವಲ್ಲ. 1965ರಲ್ಲಿ ಆಲನ್ ಕ್ಲೈನ್ ಎಂಬ ಅಮೆರಿಕನ್ ಅವರ ವ್ಯವಹಾರ ನೋಡಿಕೊಳ್ಳಲು ಬಂದ. ಐದು ವರ್ಷ ಕಳೆದು ಅವನನ್ನು ಬಿಟ್ಟು ಹೊರಟಾಗ ಬ್ಯಾಂಡಿಗೆ ಗೊತ್ತಾಯಿತು: ತಮ್ಮ ಹಳೆಯ ಹಾಡುಗಳೆಲ್ಲ ಅವನ ಆಬ್‌ಕೋ ಕಂಪನಿಯ ಪಾಲಾಗಿವೆ. 1971ರ ಕೊನೆಗೆ ಅವನು 'ಹಾಟ್ ರಾಕ್ಸ್' ಎಂಬ ಸಂಕಲನ ತಂದ. ಅದು ಸಿಕ್ಕಾಪಟ್ಟೆ ಮಾರಾಟವಾಯಿತು, ಇವತ್ತಿಗೂ ಆಗುತ್ತಿದೆ. ಆಮೇಲಿನ ಮೂರು ದಶಕ ಆಬ್‌ಕೋ ಸಂಕಲನದಲ್ಲಿ ಹಳೆಯದು, ಬ್ಯಾಂಡಿನ ಸಂಕಲನದಲ್ಲಿ ಹೊಸದು. 'ಬ್ರೌನ್ ಶುಗರ್', 'ವೈಲ್ಡ್ ಹಾರ್ಸಸ್' ಎರಡಕ್ಕೆ ಮಾತ್ರ ಇಬ್ಬರೂ ಪಾಲುದಾರರು. ಹಾಗಾಗಿ ಅವು ಎರಡೂ ಕಡೆ ಕಾಣಿಸಿಕೊಳ್ಳುತ್ತವೆ. 2002ರಲ್ಲಿ ಎರಡೂ ಕಡೆಯವರು ಕೂತು ಮಾತಾಡಿ ಒಪ್ಪಿದ್ದರಿಂದಲೇ 'ಫಾರ್ಟಿ ಲಿಕ್ಸ್' ಬಂದದ್ದು.

ಇದರಲ್ಲಿ ಒಂದು ತಮಾಷೆ ಇದೆ. ಮೆಜೆಸ್ಟಿಕ್ ಸುತ್ತಮುತ್ತ ಕಾಗದದ ಕವರಿನಲ್ಲಿ ಸಿಗುತ್ತಿದ್ದ ಕಳ್ಳ ಎಂಪಿ3 ಡಿಸ್ಕ್‌ಗಳಿಗೆ ಈ ತಕರಾರೇ ಇರಲಿಲ್ಲ. ಹಕ್ಕು ಯಾರದು ಅಂತ ಕೇಳುವವರಿಲ್ಲದ ಮೇಲೆ ಎಲ್ಲ ಕಾಲದ ಹಾಡನ್ನೂ ಸುಮ್ನೆ ಒಂದೇ ತಟ್ಟೆಗೆ ಹಾಕಿಬಿಡಬಹುದಲ್ವಾ? ಬ್ರಿಗೇಡ್ ರೋಡಿನ ಮ್ಯೂಸಿಕ್ ವರ್ಲ್ಡ್‌ನಲ್ಲಿ ದುಡ್ಡು ಕೊಟ್ಟು ಅಸಲಿ ಸಂಕಲನ ಕೊಂಡವನಿಗೆ ಅರ್ಧ ಬ್ಯಾಂಡ್, ಮೆಜೆಸ್ಟಿಕ್‌ನಲ್ಲಿ ಕೊಂಡವನಿಗೆ ಪೂರ್ತಿ ಬ್ಯಾಂಡ್.

ವಿಷಯದ ಬುಡ ಇಷ್ಟೇ. ಒಂದು ಹಾಡಿನಲ್ಲಿ ಎರಡು ಆಸ್ತಿ ಇವೆ. ಪದ ಮತ್ತು ಟ್ಯೂನ್ ಒಂದು. ಅದನ್ನು ಸ್ಟುಡಿಯೋದಲ್ಲಿ ಹಾಡಿ, ನುಡಿಸಿ ಹಿಡಿದಿಟ್ಟ ಧ್ವನಿ ಇನ್ನೊಂದು. ಎರಡನೆಯದಕ್ಕೆ ಮಾಸ್ಟರ್ ಅನ್ನುತ್ತಾರೆ. ಸೈಟ್ ಒಬ್ಬರ ಹೆಸರಲ್ಲಿ, ಅದರ ಮೇಲಿನ ಮನೆ ಇನ್ನೊಬ್ಬರ ಹೆಸರಲ್ಲಿ ಇದ್ದ ಹಾಗೆ. ಸಿನಿಮಾಕ್ಕೆ ಹಾಡು ಬೇಕು ಅಂದರೆ ಇಬ್ಬರ ಸಹಿಯೂ ಬೇಕು. ಹಳೆಯ ಕ್ಯಾಸೆಟ್ ಮನೆಯಲ್ಲಿದ್ದರೆ ಒಳಗಿನ ಕಾಗದ ಬಿಡಿಸಿ ನೋಡಿ. ಮಡಿಕೆಯ ಕೊನೆಗೆ, ಇರುವೆ ಗಾತ್ರದ ಅಕ್ಷರದಲ್ಲಿ, ವೃತ್ತದೊಳಗೆ 'ಪಿ' ಇರುವ ಒಂದು ಗುರುತು, 'ಸಿ' ಇರುವ ಇನ್ನೊಂದು ಗುರುತು, ಪಕ್ಕದಲ್ಲಿ ಇಸವಿ ಮತ್ತು ಕಂಪನಿಯ ಹೆಸರು. 'ಪಿ' ಇರುವುದು ಧ್ವನಿಮುದ್ರಣದ ಒಡೆತನಕ್ಕೆ. 'ಸಿ' ಅಲ್ಲಿ ಹೆಚ್ಚಾಗಿ ಕವರಿನ ಚಿತ್ರ, ಬರಹಕ್ಕೆ. ಹಾಡು ಬರೆದವರ ಹೆಸರು ಹಾಡಿನ ಪಟ್ಟಿಯ ಪಕ್ಕದಲ್ಲಿರುತ್ತದೆ. ಸಂಕಲನದ ಕ್ಯಾಸೆಟ್ ಆದರೆ ಈ ಭಾಗ ಉದ್ದ, ಒಂದೊಂದು ಹಾಡಿಗೂ ಒಂದೊಂದು ಸಾಲು.

ಎರಡರಲ್ಲಿ ಒಂದೇ ಸಹಿ ತಗೊಂಡರೆ ಏನಾಗುತ್ತದೆ ಎಂಬುದಕ್ಕೆ ದಿ ವರ್ವ್ ಬ್ಯಾಂಡಿನ 'ಬಿಟರ್ ಸ್ವೀಟ್ ಸಿಂಫನಿ' ಸಾಕ್ಷಿ. 1997ರ ಹಾಡು. ಸ್ಟೋನ್ಸ್‌ನ 'ದಿ ಲಾಸ್ಟ್ ಟೈಮ್' ಹಾಡನ್ನು ಒಂದು ಆರ್ಕೆಸ್ಟ್ರಾ ನುಡಿಸಿತ್ತು, ಅದರ ತುಣುಕನ್ನು ಇವರು ಬಳಸಿದರು. ಆ ರೆಕಾರ್ಡಿಂಗ್‌ಗೆ ಡೆಕ್ಕಾ ಕಂಪನಿಯ ಅನುಮತಿ ಪಡೆದಿದ್ದರು. ಟ್ಯೂನಿನ ಹಕ್ಕು ಮಾತ್ರ ಕ್ಲೈನ್ ಬಳಿ ಇತ್ತು. ಜಗಳ ಮುಗಿದಾಗ ರಚನೆಯ ಗೌರವಧನ (ರಾಯಲ್ಟಿ) ಪೂರ್ತಿ ವರ್ವ್‌ನವರ ಕೈಬಿಟ್ಟಿತ್ತು, ರಚನಕಾರರ ಜಾಗದಲ್ಲಿ ಸ್ಟೋನ್ಸ್‌ನ ಜಾಗರ್ ಮತ್ತು ರಿಚರ್ಡ್ಸ್ ಹೆಸರು ಬಂದಿತ್ತು. 'ಕ್ರುಯಲ್ ಇಂಟೆನ್ಶನ್ಸ್' ಸಿನಿಮಾದ ಕೊನೆಯಲ್ಲಿ ಆ ಹಾಡು ಬರುತ್ತದೆ, ಎಷ್ಟೋ ಜನ ಅದನ್ನು ಕೇಳಿದ್ದೇ ಅಲ್ಲಿ. ಜಾಗರ್, ರಿಚರ್ಡ್ಸ್ ತಮ್ಮ ಪಾಲನ್ನು ವಾಪಸ್ ಬಿಟ್ಟುಕೊಟ್ಟದ್ದು 2019ರಲ್ಲಿ.

ರಾಕ್ ಹಾಡು ಸಿನಿಮಾಕ್ಕೆ ಹೋದದ್ದು ಮೊದಲಿಂದಲೂ ಬ್ಯಾಂಡಿಗೆ ಲಾಭವೇ. 1954ರಲ್ಲಿ ಬಿಲ್ ಹೇಲಿ 'ರಾಕ್ ಅರೌಂಡ್ ದಿ ಕ್ಲಾಕ್' ಹಾಡಿದಾಗ ಅದು ಒಂದು ರೆಕಾರ್ಡಿನ ಹಿಂಬದಿಯಲ್ಲಿತ್ತು, ಅಷ್ಟೇನೂ ಓಡಲಿಲ್ಲ. ಮರುವರ್ಷ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಸಿನಿಮಾದ ಟೈಟಲ್ ಕಾರ್ಡಿಗೆ ಹಾಕಿದರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ತೊಡಕು ಶುರುವಾದದ್ದು ಸಿನಿಮಾ ಜೊತೆ ಅದರ ಆಲ್ಬಂ ಕೂಡ ಮಾರಾಟದ ಸರಕು ಆದಾಗ. 1969ರ 'ಈಸಿ ರೈಡರ್' ತಗೊಳ್ಳಿ. ಎಡಿಟಿಂಗ್ ಮಾಡುವಾಗ ತಾತ್ಕಾಲಿಕವಾಗಿ ಹಾಕಿಕೊಂಡಿದ್ದ ರೆಕಾರ್ಡುಗಳೇ ದೃಶ್ಯಕ್ಕೆ ಅಂಟಿಕೊಂಡುಬಿಟ್ಟವು. ಸ್ಟೆಪನ್‌ವುಲ್ಫ್, ಬರ್ಡ್ಸ್, ಜಿಮಿ ಹೆಂಡ್ರಿಕ್ಸ್. ಸಿನಿಮಾ ತೆಗೆಯಲು ಆದ ಖರ್ಚಿಗಿಂತ ಹಾಡಿನ ಹಕ್ಕಿಗೇ ಜಾಸ್ತಿ ಆಯಿತು ಎಂಬ ಮಾತಿದೆ. ದಿ ಬ್ಯಾಂಡ್ ಎಂಬ ಹೆಸರಿನ ಬ್ಯಾಂಡಿನ 'ದಿ ವೇಟ್' ಸಿನಿಮಾದಲ್ಲಿ ಬರುತ್ತದೆ. ಆಲ್ಬಂ ಕೊಂಡು ಮನೆಗೆ ಬಂದು ಹಾಕಿದರೆ ಅದೇ ಹಾಡನ್ನು ಸ್ಮಿತ್ ಎಂಬ ಬೇರೆ ಗುಂಪು ಹಾಡಿದೆ. ತೆರೆಗೆ ಕೊಟ್ಟ ಅನುಮತಿ ಆಲ್ಬಂಗೆ ಸಿಗಲಿಲ್ಲ. ಟ್ಯೂನಿಗೆ ಅನುಮತಿ ತಗೊಂಡು ಬೇರೆಯವರ ಬಾಯಲ್ಲಿ ಹಾಡಿಸುವುದೊಂದೇ ದಾರಿ ಉಳಿದಿತ್ತು.

ಇಷ್ಟು ವರ್ಷದ ಮೇಲೂ ಈ ಬಿರುಕು ಮುಚ್ಚಿಲ್ಲ. 2006ರ 'ದಿ ಡಿಪಾರ್ಟೆಡ್' ಶುರುವಾಗುವುದೇ ಸ್ಟೋನ್ಸ್‌ನ 'ಗಿಮ್ಮಿ ಶೆಲ್ಟರ್' ಜೊತೆ. ಸಿನಿಮಾದ ಹಾಡಿನ ಆಲ್ಬಂನಲ್ಲಿ ಅದು ಇಲ್ಲ. ಅದೇ ಬ್ಯಾಂಡಿನ 'ಲೆಟ್ ಇಟ್ ಲೂಸ್' ಇದೆ. ಮೊದಲನೆಯದು 1969ರದು, ಆಬ್‌ಕೋ ಕಡೆಯದು. ಎರಡನೆಯದು 1972ರದು, ಬ್ಯಾಂಡಿನ ಕೈಯಲ್ಲಿರುವುದು. ಇದು ಬರೀ ಕಾಕತಾಳೀಯ ಅಂತ ನನಗಂತೂ ಅನಿಸುವುದಿಲ್ಲ.

ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಕಥೆ ಇದಕ್ಕಿಂತ ರುಚಿ. 1981ರಲ್ಲಿ ಅವರ ಒಂದು ಸಂಕಲನ ತರಲು ಕೊಲಂಬಿಯಾ ಎಂಬ ರೆಕಾರ್ಡ್ ಕಂಪನಿ ಹೊರಟಿತು. 'ಮನಿ' ಹಾಡಿನ ಅಮೆರಿಕದ ಹಕ್ಕು ಕ್ಯಾಪಿಟಲ್ ಎಂಬ ಇನ್ನೊಂದು ಕಂಪನಿ ಬಳಿ. ಕ್ಯಾಪಿಟಲ್ ಕೊಡಲ್ಲ ಅಂದಿತು. ಬ್ಯಾಂಡಿನ ಡೇವಿಡ್ ಗಿಲ್ಮೋರ್ ಸ್ಟುಡಿಯೋಗೆ ಹೋಗಿ ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್ ಹೆಚ್ಚುಕಮ್ಮಿ ಎಲ್ಲವನ್ನೂ ತಾನೇ ನುಡಿಸಿ ಹಾಡನ್ನು ಹೊಸದಾಗಿ ಮಾಡಿದ. ಸ್ಯಾಕ್ಸೊಫೋನ್‌ಗೆ ಮಾತ್ರ ಮೊದಲು ನುಡಿಸಿದ್ದ ಡಿಕ್ ಪ್ಯಾರಿಯೇ ಬಂದ. ಹಣದ ಮೇಲಿನ ಹಾಡೇ ಹೀಗೆ ಸಿಕ್ಕಿಕೊಂಡದ್ದು ನೋಡಿದರೆ ನಗು ಬರುತ್ತದೆ. ಸಿನಿಮಾದವರ ಜೊತೆಯೂ ಅವರ ಅನುಭವ ಇಂಥದ್ದೇ. 1970ರ 'ಜಬ್ರಿಸ್ಕಿ ಪಾಯಿಂಟ್'ಗೆ ಮಾಡಿಕೊಟ್ಟ ಒಂದು ಪಿಯಾನೋ ತುಣುಕು ನಿರ್ದೇಶಕ ಆಂಟೋನಿಯೋನಿಗೆ ಹಿಡಿಸಲಿಲ್ಲ. ಮೂರು ವರ್ಷದ ಮೇಲೆ ಅದೇ ತುಣುಕು 'ಅಸ್ ಅಂಡ್ ದೆಮ್' ಆಗಿ 'ಡಾರ್ಕ್ ಸೈಡ್ ಆಫ್ ದಿ ಮೂನ್' ಸೇರಿತು. ಆಗ ಆಂಟೋನಿಯೋನಿ ಒಪ್ಪಿದ್ದರೆ?

ಎಂಬತ್ತು, ತೊಂಬತ್ತರ ದಶಕದಲ್ಲಿ ಸಿನಿಮಾಕ್ಕೆಂದೇ ಹಾಡು ಮಾಡಿಸುವುದು ಜಾಸ್ತಿಯಾಯಿತು. 2007ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದ ಏರೋಸ್ಮಿತ್‌ಗೆ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಅವರೇ ಬರೆದ ಹಾಡಿಗಲ್ಲ. ಡಯಾನ್ ವಾರೆನ್ ಬರೆದ, 1998ರ 'ಆರ್ಮಗೆಡನ್' ಸಿನಿಮಾದ 'ಐ ಡೋಂಟ್ ವಾಂಟ್ ಟು ಮಿಸ್ ಎ ಥಿಂಗ್'ಗೆ. ಈ ಬ್ಯಾಂಡಿನದೂ ಎರಡು ಮನೆಯ ಸಂಸಾರ: ಎಪ್ಪತ್ತರ ಹಾಡು ಕೊಲಂಬಿಯಾದಲ್ಲಿ, ಎಂಬತ್ತರ ನಡುವಿನಿಂದ 1993ರವರೆಗಿನದು ಗೆಫೆನ್‌ನಲ್ಲಿ. 1994ರ 'ಬಿಗ್ ಒನ್ಸ್' ಕೊಂಡವರಿಗೆ 'ಡ್ರೀಮ್ ಆನ್' ಸಿಗಲಿಲ್ಲ. ಎರಡೂ ಒಂದೇ ಸಂಕಲನಕ್ಕೆ ಬಂದದ್ದು 2002ರಲ್ಲಿ.

ಮೆಟಾಲಿಕಾ ಪ್ರಕರಣ ಮಾತ್ರ ಇಡೀ ವ್ಯಾಪಾರವನ್ನೇ ಅಲುಗಾಡಿಸಿತು. 'ಮಿಷನ್ ಇಂಪಾಸಿಬಲ್ 2'ಗೆ ಅವರು 'ಐ ಡಿಸಪಿಯರ್' ಮಾಡಿದರು. ಅವರ ಯಾವ ಸ್ಟುಡಿಯೋ ಆಲ್ಬಂನಲ್ಲೂ ಇಲ್ಲದ ಹಾಡು ಅದು. ಬಿಡುಗಡೆಗೆ ಮುಂಚೆಯೇ, ಇನ್ನೂ ಪೂರ್ತಿಯಾಗದ ಪ್ರತಿ ಅಮೆರಿಕದ ರೇಡಿಯೋಗಳಲ್ಲಿ ಬರತೊಡಗಿತು. ಜಾಡು ಹಿಡಿದು ಹೋದರೆ ನ್ಯಾಪ್‌ಸ್ಟರ್, ಇಂಟರ್ನೆಟ್‌ನಲ್ಲಿ ಜನ ಪುಕ್ಕಟೆ ಹಾಡು ಹಂಚಿಕೊಳ್ಳುತ್ತಿದ್ದ ತಾಣ. 2000ದ ಏಪ್ರಿಲ್‌ನಲ್ಲಿ ಕೇಸ್ ಹಾಕಿದರು. ಹಾಡು ಹಂಚಿಕೊಂಡ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ಡ್ರಮ್ಮರ್ ಲಾರ್ಸ್ ಉಲ್ರಿಕ್ ಖುದ್ದಾಗಿ ಒಯ್ದು ಕೊಟ್ಟ. 2011ರ ಅಕ್ಟೋಬರ್ 30ರಂದು ಅದೇ ಬ್ಯಾಂಡ್ ಅರಮನೆ ಮೈದಾನದಲ್ಲಿ ನುಡಿಸಿತು. ಅವತ್ತು ಸಾಲು ಬಿಡದೆ ಜೊತೆಗೆ ಹಾಡಿದ ಹುಡುಗರಲ್ಲಿ ಎಷ್ಟು ಮಂದಿ ಅಸಲಿ ಕ್ಯಾಸೆಟ್ ಕೊಂಡು ಕಲಿತಿದ್ದರು ಅಂತ ಲಾರ್ಸ್ ಕೇಳಲಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದು.

ಕನ್ನಡದವರಿಗೆ ಇದೇನೂ ಹೊಸದಲ್ಲ. ರಾಜ್‌ಕುಮಾರ್ ಹಿಟ್ಸ್ ಅಂತ ಬರುತ್ತಿದ್ದ ಕ್ಯಾಸೆಟ್‌ಗಳನ್ನು ನೆನಪಿಸಿಕೊಳ್ಳಿ. ಒಂದು ಕಂಪನಿಯ ಕ್ಯಾಸೆಟ್‌ನಲ್ಲಿ ಆ ಕಂಪನಿ ಹಕ್ಕು ಕೊಂಡ ಸಿನಿಮಾಗಳದ್ದು ಮಾತ್ರ. ಇನ್ನೊಂದು ಬೇಕಾದರೆ ಇನ್ನೊಂದು ಕ್ಯಾಸೆಟ್. ಎಲ್ಲ ಒಂದರಲ್ಲೇ ಬೇಕು ಅನ್ನುವವರು ಬೀದಿಯ ರೆಕಾರ್ಡಿಂಗ್ ಅಂಗಡಿಗೆ 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್ ಮತ್ತು ಹಾಡಿನ ಚೀಟಿ ಕೊಟ್ಟು ಬರುತ್ತಿದ್ದರು. ಎ ಸೈಡ್ ಮುಗಿಯುವಾಗ ಕೊನೆಯ ಹಾಡು ಚರಣದ ಮಧ್ಯೆ ಕಟ್ಟಾಗುತ್ತಿತ್ತು. ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ.

ಆದರೆ ನಮ್ಮ ಸಿನಿಮಾ ಮತ್ತು ಬ್ಯಾಂಡಿನ ಸಂಬಂಧವೇ ಬೇರೆ ಥರ. ಹಾಲಿವುಡ್ಡಿನವರು ಬ್ಯಾಂಡಿನ ಸಿದ್ಧ ಹಾಡನ್ನು ಬಾಡಿಗೆಗೆ ತರುತ್ತಾರೆ. ನಮ್ಮವರು ಹಾಡನ್ನು ಬಿಟ್ಟು ಬ್ಯಾಂಡಿನವನನ್ನೇ ಸಂಗೀತ ನಿರ್ದೇಶಕ ಮಾಡಿಬಿಡುತ್ತಾರೆ. ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ 2008ರಲ್ಲಿ ಹಿಂದಿ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ರೆಕಾರ್ಡ್ ಕಂಪನಿಯಿಂದ ಬಂತು. 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಅದರಲ್ಲಿದ್ದವು. ಅದೇ ವರ್ಷ 'ಸೈಕೋ' ಸಿನಿಮಾಕ್ಕೆ ಅವರದೇ ಸಂಗೀತ. 'ನಿನ್ನ ಪೂಜೆಗೆ ಬಂದೆ ಮಾದೇಶ್ವರ' ಊರೆಲ್ಲ ಹರಡಿತು. 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ'. 'ಗುಡುಗುಡಿ', 'ಸೋರುತಿಹುದು' ಎರಡನ್ನೂ ಬರೆದ ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಸಿ. ಅಶ್ವತ್ಥ್ ಅದಕ್ಕೆ ಕೊಟ್ಟ ರಾಗದ ಹಕ್ಕು ಬೇರೆ, ರಘು ಬ್ಯಾಂಡಿನ ಧ್ವನಿಮುದ್ರಣದ ಹಕ್ಕು ಬೇರೆ.

ಸಿನಿಮಾ ಹಾಡು ನಿರ್ಮಾಪಕನದೇ ಎಂಬ ರೂಢಿಗೆ 1977ರಲ್ಲಿ ಸುಪ್ರೀಂ ಕೋರ್ಟಿನ ಮುದ್ರೆಯೂ ಬಿತ್ತು. ದುಡ್ಡು ಕೊಟ್ಟು ಮಾಡಿಸಿದವನೇ ಮೊದಲ ಒಡೆಯ, ಬೇರೆ ಒಪ್ಪಂದ ಇಲ್ಲದಿದ್ದರೆ. ಗಾಯಕರಿಗೆ ಏನೂ ಸಿಗದೇ ಇರುವುದರ ಬಗ್ಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬೇರೆಯಾಗಿ ಟಿಪ್ಪಣಿ ಬರೆದರು, ಅಷ್ಟೇ. ನಿರ್ಮಾಪಕನಿಂದ ಆಡಿಯೋ ಕಂಪನಿಗೆ, ಅಲ್ಲಿಂದ ಸಂಕಲನಕ್ಕೆ, ಕಾಲರ್ ಟ್ಯೂನಿಗೆ ಹಾಡು ಹೋಗುತ್ತಿತ್ತು. ಬರೆದವರು ನೋಡುತ್ತಾ ಕೂತಿದ್ದರು. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆಯಿತು. ಚಿತ್ರಮಂದಿರದ ಆಚೆ ಹಾಡು ಬಳಕೆಯಾದರೆ ಗೀತೆ ಬರೆದವರಿಗೆ, ರಾಗ ಹಾಕಿದವರಿಗೆ ಸಮಪಾಲು ಗೌರವಧನ ಸಲ್ಲಬೇಕು, ಅದನ್ನು ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ ಎಂದಾಯಿತು.

ಬ್ಯಾಂಡಿನ ಹಾಡು, ಸಿನಿಮಾ ಹಾಡು ಮುಖಾಮುಖಿಯಾದದ್ದನ್ನು ಕನ್ನಡಿಗರೆಲ್ಲ ನೋಡಿದ್ದು 2022ರಲ್ಲಿ. 'ಕಾಂತಾರ'ದ 'ವರಾಹ ರೂಪಂ' ತಮ್ಮ 'ನವರಸಂ'ಗೆ ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ಕೋರ್ಟಿಗೆ ಹೋಯಿತು. ಚಿತ್ರತಂಡ ಒಪ್ಪಲಿಲ್ಲ. ಕೋರ್ಟಿನ ತಡೆ ಇದ್ದಾಗಲೇ ಒಟಿಟಿಗೆ ಬಂದ ಸಿನಿಮಾದಲ್ಲಿ ಹಾಡಿನ ಟ್ಯೂನ್ ಬೇರೆಯಾಗಿತ್ತು. ನೋಡಿದವರು ಬೇಜಾರು ಮಾಡಿಕೊಂಡರು. ತಡೆ ತೆರವಾದ ಮೇಲೆ ಹಳೆಯದೇ ವಾಪಸ್ ಬಂತು. ಚಿತ್ರಮಂದಿರದಲ್ಲಿ ಒಂದು, ಮನೆಯ ಟಿವಿಯಲ್ಲಿ ಇನ್ನೊಂದು ಎಂಬ 'ಈಸಿ ರೈಡರ್' ಫಜೀತಿ ಕೆಲವು ದಿನ ನಮ್ಮ ಪಾಲಿಗೂ ಬಂದಿತ್ತು.

ಈಗ ಬೆಂಗಳೂರಿನ ಬ್ಯಾಂಡುಗಳಿಗೆ ವೆಬ್ ಸೀರೀಸ್, ಜಾಹೀರಾತಿನವರಿಂದಲೂ ಕರೆ ಬರುತ್ತದೆ. ತಾವೇ ಬರೆದು, ತಮ್ಮದೇ ದುಡ್ಡಲ್ಲಿ ರೆಕಾರ್ಡ್ ಮಾಡಿದ ಹಾಡಾದರೆ ಎರಡೂ ಹಕ್ಕು ಅವರ ಕೈಯಲ್ಲೇ ಇರುತ್ತದೆ. ಸ್ಟೋನ್ಸ್‌ಗೆ ಆಗ ಇಲ್ಲದ ಭಾಗ್ಯ ಇದು. ಆದರೆ ಕಾಗದದಲ್ಲಿ ಏನಿದೆ ಅಂತ ಓದಬೇಕು. ತೆರೆಗೆ ಮಾತ್ರವೋ, ಹಾಡಿನ ಆಲ್ಬಂಗೂ ಸೇರಿಯೋ? ಎಷ್ಟು ವರ್ಷ, ಯಾವ ದೇಶ? ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ನಮ್ಮ ಕಾಯ್ದೆ ಪ್ರಕಾರ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಮಾಧ್ಯಮದ ಸಾಲನ್ನು ಎರಡು ಸಲ ಓದಬೇಕು. 1981ರ 'ಹೆವಿ ಮೆಟಲ್' ಎಂಬ ಕಾರ್ಟೂನ್ ಸಿನಿಮಾದ ತುಂಬ ಬ್ಲ್ಯಾಕ್ ಸಬಾತ್ ಥರದವರ ಹಾಡುಗಳಿದ್ದವು. ಅವುಗಳ ಹಕ್ಕಿನ ತಕರಾರಿನಿಂದ ಅದು ಅಧಿಕೃತವಾಗಿ ವಿಡಿಯೋ ಕ್ಯಾಸೆಟ್ ಆಗಲು 1996ರವರೆಗೆ ಕಾಯಬೇಕಾಯಿತು. ಅಂಥದ್ದರಿಂದ ಪಾಠ ಕಲಿತ ಕಂಪನಿಗಳು 'ಮುಂದೆ ಕಂಡುಹಿಡಿಯುವ ಎಲ್ಲ ಮಾಧ್ಯಮಕ್ಕೂ' ಎಂದು ಸೇರಿಸತೊಡಗಿದವು. ನಮ್ಮ 2012ರ ತಿದ್ದುಪಡಿ ಅದಕ್ಕೂ ಒಂದು ಕಟ್ಟು ಹಾಕಿದೆ: ಸಹಿ ಹಾಕುವ ಹೊತ್ತಿಗೆ ಬಳಕೆಯಲ್ಲಿಲ್ಲದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ, ಆ ಹಕ್ಕು ಹಾಡು ಮಾಡಿದವರ ಬಳಿಯೇ ಉಳಿಯುತ್ತದೆ.