ಲಿಟರಸಿ ಅಂದರೆ ಹೆಬ್ಬೆಟ್ಟು ಬಿಡಿಸುವ ಪಾಠವಲ್ಲ

ಮತ್ತೆ ಅದೇ ಮಾತು ಬಂತು. ಅಮೆರಿಕದ ನಮ್ಮೂರಿನ ಅಡಲ್ಟ್ ಸ್ಕೂಲಿನಲ್ಲಿ, ಅಂದರೆ ದೊಡ್ಡವರು ಕಲಿಯುವ ಶಾಲೆಯಲ್ಲಿ, ಸಂಜೆ ಇಂಗ್ಲಿಷ್ ಕ್ಲಾಸು ಶುರುವಾಗುತ್ತಿದೆ ಎಂದು ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರೋ ನೋಟೀಸ್ ಹಾಕಿದರು. ಅದರಲ್ಲಿ ‘ಇಂಗ್ಲಿಷ್ ಲಿಟರಸಿ’ ಎಂದಿತ್ತು. ಐದೇ ನಿಮಿಷಕ್ಕೆ ಒಬ್ಬರು ಕನ್ನಡದಲ್ಲಿ ವಿವರಣೆ ಕೊಟ್ಟರು: ‘ಇದು ಸಾಕ್ಷರತಾ ತರಗತಿ, ಓದುಬರಹ ಬಾರದವರಿಗೆ. ನಮ್ಮವರಿಗೆ ಬೇಕಿಲ್ಲ.’ ಅಲ್ಲಿಗೆ ಮುಗಿಯಿತು. ಹೋಗಬೇಕೆಂದಿದ್ದ ಇಬ್ಬರು ಸುಮ್ಮನಾದರು. ಆ ಕ್ಲಾಸಿನಲ್ಲಿ ವಾರಕ್ಕೆ ಎರಡು ಸಂಜೆ ಸಹಾಯಕಿಯಾಗಿ ಕೂರುವವಳು ನಾನು, ಈ ಒಂದು ಅನುವಾದದಿಂದ ಎಷ್ಟು ಜನ ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಈ ತರಗತಿಗಳಿಗೆ ದುಡ್ಡು ಮತ್ತು ನಿಯಮ ಬರುವುದು ‘ವಿಯೋವ’ ಎಂದು ಚಿಕ್ಕದಾಗಿ ಕರೆಯುವ 2014ರ ಫೆಡರಲ್ ಕಾನೂನಿನಿಂದ, ಪೂರ್ತಿ ಹೆಸರು ವರ್ಕ್‌ಫೋರ್ಸ್ ಇನ್ನೋವೇಶನ್ ಅಂಡ್ ಆಪರ್ಚುನಿಟಿ ಆ್ಯಕ್ಟ್. ಅದರ ಎರಡನೇ ಭಾಗದ ಹೆಸರು ಅಡಲ್ಟ್ ಎಜುಕೇಶನ್ ಅಂಡ್ ಫ್ಯಾಮಿಲಿ ಲಿಟರಸಿ ಆ್ಯಕ್ಟ್. ಲಿಟರಸಿ ಅಂದರೆ ಏನು ಅಂತ ಈ ಕಾನೂನೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಓದುವ, ಬರೆಯುವ, ಮಾತಾಡುವ ಶಕ್ತಿ, ಅದರ ಜೊತೆ ಲೆಕ್ಕ ಮಾಡುವ ಮತ್ತು ಸಮಸ್ಯೆ ಬಿಡಿಸುವ ಶಕ್ತಿ, ಅದೂ ಕೆಲಸದಲ್ಲಿ, ಮನೆಯಲ್ಲಿ, ಸಮಾಜದಲ್ಲಿ ಬಾಳುವೆ ನಡೆಸಲು ಬೇಕಾಗುವಷ್ಟು. ಎರಡು ಕಡೆ ಬೆರಳಿಟ್ಟು ಓದಿ. ‘ಇಂಗ್ಲಿಷಿನಲ್ಲಿ’ ಎಂದಿದೆ. ‘ಮಾತಾಡುವ’ ಎಂದಿದೆ.

ನಮ್ಮ ಭಾರತದ ಜನಗಣತಿಯ ಲೆಕ್ಕ ಬೇರೆ. ಅಲ್ಲಿ 7 ವರ್ಷ ತುಂಬಿದವರು ಯಾವುದೇ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರೆ ಸಾಕ್ಷರರು. ಕನ್ನಡವಾದರೂ ಸರಿ, ತುಳುವಾದರೂ ಸರಿ. ಮಾತಿನ ಪ್ರಶ್ನೆಯೇ ಬರುವುದಿಲ್ಲ. ಅಂದರೆ ಕನ್ನಡ ಎಂ.ಎ. ಮಾಡಿದ ಒಬ್ಬರು ಬೆಂಗಳೂರಿನಲ್ಲಿ ವಿಮಾನ ಹತ್ತುವಾಗ ಎಲ್ಲ ಲೆಕ್ಕದಲ್ಲೂ ಸಾಕ್ಷರರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಇಲ್ಲಿನ ಕಾನೂನಿನ ಅರ್ಥದಲ್ಲಿ ಲಿಟರಸಿ ಕಲಿಯಬೇಕಾದವರು ಆಗಿರಬಹುದು. ದಾರಿಯಲ್ಲಿ ಅವರ ವಿದ್ಯೆ ಏನೂ ಕಳೆದುಹೋಗಿಲ್ಲ. ಪದದ ಅಳತೆಗೋಲು ಬದಲಾಗಿದೆ, ಅಷ್ಟೇ.

ಈ ಗೊಂದಲಕ್ಕೆ ಮೂಲ ‘ಅಕ್ಷರ’ ಎಂಬ ಪದದಲ್ಲೇ ಇದೆ. ಕ್ಷರ ಅಂದರೆ ಸವೆಯುವುದು, ಕರಗುವುದು. ಅಕ್ಷರ ಅಂದರೆ ಸವೆಯದ್ದು. ಅದಕ್ಕೇ ನಮಗೆ ಅಕ್ಷರದ ಮೇಲೆ ಅಷ್ಟು ಭಕ್ತಿ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ತಿದ್ದಿಸುತ್ತೇವೆ, ಅಲ್ವಾ? ಒಂದು ಸಲ ಬಂದರೆ ಜನ್ಮಕ್ಕೆಲ್ಲ ಬಂತು. ಬಾರದವರಿಗೆ ಮಾತ್ರ ಬೇರೆ ಹೆಸರು, ಹೆಬ್ಬೆಟ್ಟು. ಸೊಸೈಟಿ ಸಾಲದ ಕಾಗದದ ಮೇಲೆ ಮಸಿ ಹತ್ತಿದ ಹೆಬ್ಬೆರಳು ಒತ್ತಿದ ಆ ಗುರುತು. ‘ಅನಕ್ಷರಸ್ಥ’ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅದೇ ಚಿತ್ರ. ಅದರ ಜೊತೆಗೆ ರಾತ್ರಿ ಶಾಲೆ, ಲಾಟೀನು, ಸ್ಲೇಟು ಹಿಡಿದ ಅಜ್ಜಿ. ‘ವಯಸ್ಕರ ಶಿಕ್ಷಣ’ ಎಂಬ ಮಾತು ನಮ್ಮಲ್ಲಿ ಬೆಳೆದಿದ್ದೇ ಆ ಚಿತ್ರದ ಜೊತೆ. 1978ರ ಅಕ್ಟೋಬರ್ 2ರಂದು ಶುರುವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, ಆಮೇಲೆ 1988ರ ಸಾಕ್ಷರತಾ ಮಿಷನ್, ಇವೆಲ್ಲ ಅಕ್ಷರ ಕಲಿಸುವ ಕೆಲಸವನ್ನೇ ಮುಂದಿಟ್ಟುಕೊಂಡು ನಡೆದವು. ದೊಡ್ಡ ಕೆಲಸ ಅದು. ಆದರೆ ಆ ಚಿತ್ರವನ್ನು ಹೊತ್ತುಕೊಂಡು ಬಂದು ಇಲ್ಲಿನ ಅಡಲ್ಟ್ ಸ್ಕೂಲಿನ ಗೋಡೆಗೆ ನೇತುಹಾಕಿದರೆ ತಪ್ಪಾಗುತ್ತದೆ.

ಇಂಗ್ಲಿಷ್ ಪದದ ಹುಟ್ಟು ನೋಡಿದರೆ ಇದು ಇನ್ನೂ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಲ್ಯಾಟಿನ್ನಿನಲ್ಲಿ ಲಿಟ್ಟೆರಾ ಅಂದರೆ ಅಕ್ಷರ. ಲಿಟ್ಟೆರಾಟುಸ್ ಅಂದರೆ ಬರೀ ಅಕ್ಷರ ಬಲ್ಲವನಲ್ಲ, ವಿದ್ಯಾವಂತ. ಮಧ್ಯಯುಗದ ಯುರೋಪಿನಲ್ಲಿ ಅದರ ಅರ್ಥ ಇನ್ನೂ ಬಿಗಿಯಾಯಿತು, ಲ್ಯಾಟಿನ್ ಬಲ್ಲವನು ಎಂದಾಯಿತು. ತನ್ನ ಊರ ಭಾಷೆಯಲ್ಲಿ ಓದಬಲ್ಲ ವ್ಯಾಪಾರಿಯನ್ನೂ, ಲ್ಯಾಟಿನ್ ಬಾರದಿದ್ದರೆ, ಇಲ್ಲಿಟ್ಟೆರಾಟುಸ್ ಅಂತಲೇ ಕರೆಯುತ್ತಿದ್ದರು. ಅಂದರೆ ಯಾವ ಭಾಷೆ ಎಂಬ ಪ್ರಶ್ನೆ ಈ ಪದದೊಳಗೆ ಮೊದಲಿನಿಂದಲೂ ಕೂತಿದೆ. ಲಿಟರಸಿ ಎಂಬ ನಾಮಪದ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕಿಂತ ಎಷ್ಟೋ ಮುಂಚೆಯೇ ಇಲ್ಲಿಟರಸಿ ಇತ್ತು. ಇಲ್ಲದ್ದಕ್ಕೆ ಮೊದಲು ಹೆಸರಿಟ್ಟರು, ಇರುವುದಕ್ಕೆ ಆಮೇಲೆ.

ಕಣ್ಣೆದುರಿನ ಒಂದು ಸಂಗತಿ ಹೇಳುತ್ತೇನೆ. ನಮ್ಮ ಕ್ಲಾಸಿಗೆ ಬರುವ ಒಬ್ಬರು ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಆರು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವರು. ಇಂಗ್ಲಿಷ್ ಪುಸ್ತಕ ಸಲೀಸಾಗಿ ಓದುತ್ತಾರೆ. ಒಂದು ದಿನ ಮಗನ ಬ್ಯಾಗಿನಲ್ಲಿ ಶಾಲೆಯ ಹಳದಿ ಚೀಟಿ ಬಂತು, ‘ಅರ್ಲಿ ಡಿಸ್ಮಿಸಲ್, ಬುಧವಾರ 12:40’ ಅಂತ. ನಮ್ಮ ಕಡೆ ಡಿಸ್ಮಿಸ್ ಆಗುವುದು ಅಂದರೆ ಗೊತ್ತಲ್ಲ, ಕೆಲಸದಿಂದ ತೆಗೆದುಹಾಕುವುದು. ಮಗನನ್ನು ಶಾಲೆಯಿಂದ ತೆಗೆಯುತ್ತಿದ್ದಾರೆ ಎಂದುಕೊಂಡರು. ಫೋನ್ ಮಾಡಿದರೆ ಮೊದಲು ರೆಕಾರ್ಡ್ ಆದ ದನಿ ಗಡಗಡ ಮಾತಾಡಿತು, ಯಾವ ನಂಬರ್ ಒತ್ತಬೇಕು ತಿಳಿಯಲಿಲ್ಲ. ಕೊನೆಗೆ ಸಿಕ್ಕವರಿಗೆ ಇವರ ಮಾತು ಅರ್ಥವಾಗಲಿಲ್ಲ. ಗಂಡ ಬರುವ ತನಕ ಚೀಟಿ ಕೈಯಲ್ಲಿ ಹಿಡಿದು ಕೂತಿದ್ದರಂತೆ. ಅಂದು ಶಾಲೆ ಬೇಗ ಬಿಡುತ್ತದೆ, ಅಷ್ಟೇ ವಿಷಯ. ಒಂದೊಂದು ಅಕ್ಷರವೂ ಅವರಿಗೆ ಬರುತ್ತಿತ್ತು. ಬಾರದಿದ್ದದ್ದು ಕಾನೂನು ಹೇಳುವ ‘ಮನೆಯಲ್ಲಿ, ಸಮಾಜದಲ್ಲಿ’ ಎಂಬ ಭಾಗ. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತೇ ಇದೆ, ವ್ಯವಹಾರ ಜ್ಞಾನ. ಇಲ್ಲಿನ ಲಿಟರಸಿ ಅಂದರೆ ಓದುಬರಹಕ್ಕೆ ವ್ಯವಹಾರ ಜ್ಞಾನ ಸೇರಿದ್ದು.

ನನಗೆ ಬೇಜಾರಾಗುವ ಒಂದು ವಿಷಯವೂ ಇದರಲ್ಲಿದೆ. 1991ರ ನ್ಯಾಷನಲ್ ಲಿಟರಸಿ ಆ್ಯಕ್ಟ್ ಇದೇ ಪದವನ್ನು ವಿವರಿಸುವಾಗ, ಮನುಷ್ಯ ತನ್ನ ಗುರಿ ಮುಟ್ಟಲು, ತನ್ನ ತಿಳಿವನ್ನೂ ಶಕ್ತಿಯನ್ನೂ ಬೆಳೆಸಿಕೊಳ್ಳಲು ಬೇಕಾದಷ್ಟು ಎಂಬ ಮಾತನ್ನೂ ಸೇರಿಸಿತ್ತು. 1998ರ ಕಾನೂನಿನಲ್ಲಿ ಆ ಮಾತು ಹೋಯಿತು, ಕುಟುಂಬ ಎಂಬುದು ಬಂತು. 2014ರಲ್ಲೂ ಹಾಗೇ ಉಳಿಯಿತು. ಕುಟುಂಬ ಸೇರಿದ್ದು ಒಳ್ಳೆಯದೇ. ಆದರೆ ತನಗಾಗಿ ಕಲಿಯುವ ಆಸೆಗೂ ಜಾಗ ಇರಬೇಕಿತ್ತು.

ಇನ್ನು ಯಾರು ಸೇರಬಹುದು ಎಂಬುದು. ಇಲ್ಲಿ ‘ವಯಸ್ಕ’ ಅಂದರೆ 18 ಅಲ್ಲ, 16 ತುಂಬಿದವರು. ಹೈಸ್ಕೂಲಿಗೆ ಸೇರಿರಬಾರದು, ರಾಜ್ಯದ ಕಾನೂನಿನ ಪ್ರಕಾರ ಸೇರಲೇಬೇಕಾದವರೂ ಆಗಿರಬಾರದು. ಆಮೇಲೆ ಮೂರರಲ್ಲಿ ಒಂದು ಇದ್ದರೆ ಸಾಕು. ಓದು, ಲೆಕ್ಕದಂಥ ಮೂಲ ಕೌಶಲ ಸಾಲದು, ಅಥವಾ ಹೈಸ್ಕೂಲ್ ಡಿಪ್ಲೊಮಾ ಇಲ್ಲ, ಅಥವಾ ಇಂಗ್ಲಿಷ್ ಕಲಿಯುವವರು. ಜನ ತಪ್ಪು ತಿಳಿಯುವುದು ಈ ‘ಅಥವಾ’ದಲ್ಲಿ. ಮೂರೂ ಇರಬೇಕು ಎಂದುಕೊಂಡು, ಡಿಗ್ರಿ ಇದೆ, ಹಾಗಾಗಿ ನಮಗಲ್ಲ ಅನ್ನುತ್ತಾರೆ. ಇಂಗ್ಲಿಷ್ ಸರಾಗವಾಗಿ ಬಾರದೆ, ಮಾತೃಭಾಷೆ ಬೇರೆಯಾಗಿದ್ದರೆ ಮೂರನೆಯ ಬಾಗಿಲು ತೆರೆದೇ ಇದೆ. ಇದಕ್ಕಿಂತ ಸ್ಪಷ್ಟ ಮಾತು ಬೇಕಾದರೆ ಇಂಟಿಗ್ರೇಟೆಡ್ ಇಂಗ್ಲಿಷ್ ಲಿಟರಸಿ ಅಂಡ್ ಸಿವಿಕ್ಸ್ ಎಜುಕೇಶನ್ ಎಂಬ ಕಾರ್ಯಕ್ರಮಕ್ಕೆ ಇದೇ ಕಾನೂನು ಕೊಟ್ಟ ವಿವರಣೆ ನೋಡಿ. ತಮ್ಮ ದೇಶದಲ್ಲಿ ಪದವಿ, ವೃತ್ತಿ ಅರ್ಹತೆ ಪಡೆದ ವೃತ್ತಿಪರರೂ ಇದರಲ್ಲಿ ಸೇರುತ್ತಾರೆ ಎಂದು ಅದರಲ್ಲೇ ಬರೆದಿದೆ. ಧಾರವಾಡದ ಎಂ.ಎಸ್ಸಿ.ಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಹಾಗಿದೆ.

ಆ ಉದ್ದ ಹೆಸರಿನ ಇನ್ನೆರಡು ಪದಗಳೂ ಕಾಟ ಕೊಡುತ್ತವೆ. ಸಿವಿಕ್ಸ್ ಅಂದರೆ ಪೌರತ್ವ ಪರೀಕ್ಷೆಯ ಕೋಚಿಂಗ್ ಅಲ್ಲ. ನಾಗರಿಕರ ಹಕ್ಕು, ಹೊಣೆ, ಊರಿನ ಆಗುಹೋಗಿನಲ್ಲಿ ಭಾಗವಹಿಸುವುದು, ಇದು ಪಾಠ. ಗ್ರೀನ್ ಕಾರ್ಡ್ ಇಲ್ಲ, ಸಿವಿಕ್ಸ್ ಯಾಕೆ ಎಂದು ಕೇಳುವವರು ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಬಾಯಿ ಬಿಡಬೇಕಾದ ದಿನವನ್ನು ನೆನೆಸಿಕೊಳ್ಳಲಿ. ಇಂಟಿಗ್ರೇಟೆಡ್ ಅಂದರೆ ಒಂದಕ್ಕೊಂದು ಬೆಸೆದದ್ದು, ಇಲ್ಲಿ ಅದು ಕೆಲಸದ ತರಬೇತಿಗೂ ಸಂಬಂಧಿಸಿದ್ದು. ಈ ಕಾರ್ಯಕ್ರಮದ ಹಣ ಪಡೆಯುವ ಸಂಸ್ಥೆ ಇಂಗ್ಲಿಷ್ ಪಾಠದ ಜೊತೆಗೆ ಕೆಲಸದ ತರಬೇತಿಯ ದಾರಿಯನ್ನೂ ಇಟ್ಟಿರಬೇಕು. ಭಾಷೆ, ಕೆಲಸಕ್ಕೆ ಬೇಕಾದ ನಡೆನುಡಿ, ಒಂದು ವೃತ್ತಿಯ ತರಬೇತಿ, ಮೂರೂ ಒಟ್ಟಿಗೆ ಸಾಗಬೇಕು ಎಂದು ಈ ಕಾನೂನನ್ನು ಜಾರಿಗೆ ತರುವ ಫೆಡರಲ್ ನಿಯಮಾವಳಿಯ 463ನೇ ಭಾಗ ಹೇಳುತ್ತದೆ. ಆಸ್ಪತ್ರೆಯ ಸಹಾಯಕರ ತರಬೇತಿಯಲ್ಲಿ ಇಂಗ್ಲಿಷ್ ಪಾಠಕ್ಕೂ ಔಷಧದ ಬಾಟಲಿಯ ಚೀಟಿಯೇ ಪುಸ್ತಕ, ಹೀಗೆ. ಇಂಗ್ಲಿಷ್ ಮುಗಿಸಿ ಆಮೇಲೆ ತರಬೇತಿ ಅಂದರೆ ಅದು ಇಂಟಿಗ್ರೇಟೆಡ್ ಅಲ್ಲ.

ಹಣದ ವಿಚಾರ ಎರಡೇ ಮಾತು. ರಾಜ್ಯಕ್ಕೆ ಬರುವ ಅನುದಾನದಲ್ಲಿ ಕನಿಷ್ಠ ಶೇ. 82.5ರಷ್ಟು ಕಲಿಸುವ ಸಂಸ್ಥೆಗಳಿಗೇ ಹೋಗಬೇಕು. ಅದಕ್ಕೆ ಬದಲಾಗಿ ಸಂಸ್ಥೆಗಳು ಕಲಿತದ್ದನ್ನು ಅಳೆದು ತೋರಿಸಬೇಕು, ಆದ್ದರಿಂದಲೇ ಸೇರಿದಾಗ ಒಂದು ಟೆಸ್ಟು, ಕೆಲವು ತಿಂಗಳಾದ ಮೇಲೆ ಇನ್ನೊಂದು. ಟೆಸ್ಟು ಕೊಟ್ಟರೆಂದು ಅವಮಾನ ಪಡಬೇಡಿ. ಅದು ಯಾವ ಮೆಟ್ಟಿಲಲ್ಲಿ ಕೂರಿಸಬೇಕು ಅಂತ ನೋಡಲು. ಇಂಗ್ಲಿಷ್ ಕಲಿಯುವವರಿಗೆ ಆರು ಮೆಟ್ಟಿಲಿವೆ. ಅದರಲ್ಲಿ ತೀರಾ ಕೆಳಗಿನ ಒಂದಕ್ಕೆ ಮಾತ್ರ ‘ಬಿಗಿನಿಂಗ್ ಇ.ಎಸ್.ಎಲ್. ಲಿಟರಸಿ’ ಎಂಬ ಹೆಸರು (ಇ.ಎಸ್.ಎಲ್. ಅಂದರೆ ಎರಡನೇ ಭಾಷೆಯಾಗಿ ಇಂಗ್ಲಿಷ್). ನಾವು ಸಾಕ್ಷರತೆ ಅನ್ನುವ ಕೆಲಸ, ಪೆನ್ಸಿಲ್ ಹಿಡಿಯುವುದರಿಂದ ಶುರುವಾಗುವುದು, ಆ ಒಂದರಲ್ಲೇ ಇದೆ. ಮೇಲಿನ ಐದಕ್ಕೆ ಆ ಪದ ಅಂಟಿಸಬೇಡಿ.

ವೀಸಾ ಬಗ್ಗೆ ಮಾತ್ರ ಹುಷಾರು. ಸರ್ಕಾರಿ ಹಣದ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಓದಲೆಂದು ಎಫ್-1 ಎಂಬ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ, ಇದು ವಲಸೆ ಕಾನೂನಿನಲ್ಲೇ ಇದೆ. ಮೇಲೆ ಹೇಳಿದ ಅರ್ಹತೆಯ ಸಾಲಿನಲ್ಲಿ ವೀಸಾ ಎಂಬ ಪದ ಎಲ್ಲೂ ಇಲ್ಲ, ನಿಜ. ಆದರೆ 2025ರ ಜುಲೈನಲ್ಲಿ ಶಿಕ್ಷಣ ಇಲಾಖೆ ಈ ತರಗತಿಗಳಿಗೂ ವಲಸೆಯ ಷರತ್ತು ಅನ್ವಯಿಸುತ್ತದೆ ಎಂದು ಹೊಸ ಅರ್ಥ ಹೇಳಿತು, ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಹಾಗಾಗಿ ಸೇರುವ ಮುಂಚೆ ನಿಮ್ಮ ಊರಿನ ಅಡಲ್ಟ್ ಸ್ಕೂಲಿನಲ್ಲೇ ಕೇಳಿ. ವಾಟ್ಸಾಪಿನಲ್ಲಿ ಕೇಳಬೇಡಿ.

ಮುಂದಿನ ಸಲ ಆ ನೋಟೀಸನ್ನು ಕನ್ನಡಕ್ಕೆ ತರುವವರಿಗೆ ಒಂದು ಕೋರಿಕೆ. ‘ಬಳಕೆಯ ಇಂಗ್ಲಿಷ್ ತರಗತಿ. 16 ತುಂಬಿದ, ಹೈಸ್ಕೂಲಿನಲ್ಲಿ ಇಲ್ಲದವರಿಗೆ. ಡಿಗ್ರಿ ಇದ್ದರೂ ಬನ್ನಿ’ ಎಂದು ಬರೆಯಿರಿ. ಸೆಪ್ಟೆಂಬರಿನ ಬ್ಯಾಚಿಗೆ ಹೆಸರು ಬರೆಸುವುದು ಇನ್ನೂ ನಡೆಯುತ್ತಿದೆ. ಸುಮ್ಮನಾದ ಆ ಇಬ್ಬರಿಗೆ ನಾನೇ ಫೋನ್ ಮಾಡುತ್ತೇನೆ.