ರೊಟ್ಟಿ ಹಂಚಿನಂಥ ಗೋಡೆ

ಮೇ ತಿಂಗಳಲ್ಲಿ ಕಲಬುರಗಿಗೆ, ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿದು ರಾತ್ರಿ ಹತ್ತಾಗಿತ್ತು. ಹೊರಗೆ ಸಣ್ಣಗೆ ಗಾಳಿ ಬಿಟ್ಟಿತ್ತು. ಆದರೆ ಪಶ್ಚಿಮದ ಕೋಣೆಗೆ ಕಾಲಿಟ್ಟರೆ ಕುದಿ. "ಗ್ವಾಡಿ ಮುಟ್ಟಿ ನೋಡು, ರೊಟ್ಟಿ ಹಂಚಿನಂಗ ಆಗ್ಯಾದ" ಎಂದಳು ಅಕ್ಕ. ಮುಟ್ಟಿದೆ. ನಿಜವೇ, ಗೋಡೆ ಮೈಗಿಂತ ಬಿಸಿ ಇತ್ತು.

ಮನೆ ಕಟ್ಟಿದ ಗೌಂಡಿ ಒಂದು ಉಪಾಯ ಹೇಳಿದ್ದನಂತೆ. "ಹೊರಗ ಇನ್ನೊಂದಿಂಚು ಗಿಲಾವು ಹೊಡಸ್ರಿ, ತಂಪಾಗ್ತದ." ಅದು ನಿಜವೋ ಸುಳ್ಳೋ ನೋಡೋಣ ಎಂದು ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಲು ಕೂತೆ. ಲೆಕ್ಕ ಕಷ್ಟದ್ದೇನಲ್ಲ. ಕೂಡುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಗೋಡೆಯನ್ನು ಹೊರಗಿನಿಂದ ಎಣಿಸುತ್ತಾ ಬಂದರೆ ಮೊದಲು 20 ಮಿಲಿಮೀಟರ್ ಸಿಮೆಂಟ್ ಗಿಲಾವು. ಆಮೇಲೆ 230 ಮಿಲಿಮೀಟರ್, ಅಂದರೆ ಒಂಬತ್ತು ಇಂಚಿನ ಇಟ್ಟಿಗೆ. ಒಳಗೆ ಮತ್ತೆ 12 ಮಿಲಿಮೀಟರ್ ಗಿಲಾವು. ಒಂದೊಂದು ವಸ್ತುವೂ ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆ ಎನ್ನುವುದಕ್ಕೆ ಒಂದು ಸಂಖ್ಯೆ ಇದೆ. ಒಂದು ಮೀಟರ್ ದಪ್ಪದ, ಒಂದು ಚದರ ಮೀಟರ್ ಅಗಲದ ತುಂಡಿನ ಎರಡು ಬದಿಗೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದೇ ಆ ಸಂಖ್ಯೆ. ಸುಟ್ಟ ಇಟ್ಟಿಗೆಗೆ ಸುಮಾರು 0.8, ಸಿಮೆಂಟ್ ಗಿಲಾವಿಗೆ 0.72. ಆರ್‌ಸಿಸಿ ಕಾಂಕ್ರೀಟಿಗೆ 1.58. ಒಳಗೆಲ್ಲ ಗಾಳಿ ಗುಳ್ಳೆ ತುಂಬಿದ, ಹಗುರವಾದ ಎಎಸಿ ಎಂಬ ಸಿಮೆಂಟ್ ಬ್ಲಾಕಿಗೆ 0.16ರ ಆಸುಪಾಸು. ಥರ್ಮೋಕೋಲಿಗೆ ಬರೀ 0.036.

ದಪ್ಪವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಆ ಪದರ ಶಾಖಕ್ಕೆ ಒಡ್ಡುವ ತಡೆ ಸಿಗುತ್ತದೆ. ಪದರಗಳು ಒಂದರ ಹಿಂದೆ ಒಂದು ನಿಂತಿರುವುದರಿಂದ ತಡೆಗಳನ್ನು ಸುಮ್ನೆ ಕೂಡಿದರಾಯಿತು. ಪಿಯುಸಿಯಲ್ಲಿ ಸರಣಿಯಲ್ಲಿ ಜೋಡಿಸಿದ ರೆಸಿಸ್ಟರ್‌ಗಳ ಲೆಕ್ಕ ಮಾಡಿದ್ದು ನೆನಪಿದೆಯಾ? ಅದೇ ಇದು. ಅಲ್ಲಿಂದ ಇಲ್ಲಿಗೆ ಬಂದದ್ದು ಅಂದುಕೊಳ್ಳಬೇಡಿ, ಆದದ್ದು ಉಲ್ಟಾ. ಶಾಖದ ಹರಿವಿನ ಗಣಿತವನ್ನು ಫ್ರಾನ್ಸಿನ ಫೂರಿಯೇ 1822ರಲ್ಲೇ ಪುಸ್ತಕವಾಗಿ ಪ್ರಕಟಿಸಿದ್ದ. ಅದರ ಮಾದರಿ ಹಿಡಿದೇ ಜರ್ಮನಿಯ ಓಮ್ 1827ರಲ್ಲಿ ವಿದ್ಯುತ್ತಿನ ನಿಯಮವನ್ನು ವಿವರಿಸಿದ.

ಸರಿ, ಕೂಡೋಣ. ಹೊರಗಿನ ಗಿಲಾವು 0.028, ಇಟ್ಟಿಗೆ 0.288, ಒಳಗಿನ ಗಿಲಾವು 0.017. ಇನ್ನೂ ಎರಡು ಪದರ ಉಳಿದಿವೆ, ಅವು ಕಣ್ಣಿಗೆ ಕಾಣುವುದಿಲ್ಲ. ಗೋಡೆಗೆ ಅಂಟಿಕೊಂಡಂತೆ ನಿಂತ ಗಾಳಿಯ ತೆಳು ಪರೆಗಳು ಅವು. ಒಳಗಿನ ಪರೆಗೆ 0.13, ಗಾಳಿ ಬೀಸುವ ಹೊರಬದಿಗೆ 0.04 ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ನನಗೆ ಈ ಲೆಕ್ಕದಲ್ಲಿ ಮಜಾ ಅನಿಸುವುದು ಇದೇ. ಕಾಸು ಕೊಡದೆ ಸಿಕ್ಕ ಈ ಗಾಳಿ, ಗೌಂಡಿ ಬೆವರು ಸುರಿಸಿ ಹೊಡೆದ ಎರಡು ಗಿಲಾವು ಸೇರಿ ಒಡ್ಡುವ ತಡೆಯ ಹತ್ತಿರ ಹತ್ತಿರ ನಾಲ್ಕು ಪಟ್ಟು ತಡೆ ಒಡ್ಡುತ್ತದೆ!

ಒಟ್ಟು ತಡೆ 0.503. ಒಂದನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 2. ಇದಕ್ಕೆ ಯು-ವ್ಯಾಲ್ಯೂ ಎನ್ನುತ್ತಾರೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಚದರ ಮೀಟರಿಗೆ 2 ವಾಟ್ ಶಾಖ ದಾಟುತ್ತದೆ ಎಂದರ್ಥ. ಬೆಂಗಳೂರಿನಲ್ಲಿ ಎಲ್ಲೆಲ್ಲೂ ಕಾಣುವ ಆರಿಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಇದು 3ರ ಹತ್ತಿರ ಹೋಗುತ್ತದೆ. ಅಲ್ಲಿನ ಹವೆ ಅದನ್ನು ಹೇಗೋ ಮುಚ್ಚಿ ಹಾಕುತ್ತದೆ. ಕಲಬುರಗಿಯಲ್ಲಿ ಅದು ನಡೆಯುವುದಿಲ್ಲ.

ಹೊರಗಿನ ಗಾಳಿ 42 ಡಿಗ್ರಿ, ಕೋಣೆ 32 ಎಂದಿಟ್ಟುಕೊಳ್ಳಿ. ವ್ಯತ್ಯಾಸ 10 ಅನ್ನಬೇಡಿ, ಸಂಜೆಯ ಬಿಸಿಲು ಗೋಡೆಗೆ ನೇರವಾಗಿ ಹೊಡೆಯುತ್ತದಲ್ಲ. ಚದರ ಮೀಟರಿಗೆ 600 ವಾಟ್ ಬಿಸಿಲು ಬಿದ್ದು, ಗಾಢ ಬಣ್ಣದ ಗೋಡೆ ನೂರಕ್ಕೆ 60 ಪಾಲು ಹೀರಿದರೆ 360 ವಾಟ್ ಆಯಿತು. ಅದನ್ನು ಹೊರಗಿನ ಗಾಳಿ ಪರೆಯ 0.04ರಿಂದ ಗುಣಿಸಿದರೆ 14 ಡಿಗ್ರಿ. ಅಂದರೆ ಗೋಡೆಯ ಪಾಲಿಗೆ ಹೊರಗೆ 42 ಅಲ್ಲ, 56 ಡಿಗ್ರಿ ಇದ್ದಂತೆ. ಆಗ ವ್ಯತ್ಯಾಸ 24. ಚದರ ಮೀಟರಿಗೆ 48 ವಾಟ್. 12 ಚದರ ಮೀಟರಿನ ಗೋಡೆಯಿಂದ ಸುಮಾರು 575 ವಾಟ್ ಒಳಗೆ ಬರುತ್ತದೆ. ಕೋಣೆಯಲ್ಲಿ ಚಿಕ್ಕದೊಂದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ.

ಗೌಂಡಿ ಹೇಳಿದ ಇನ್ನೊಂದಿಂಚು ಗಿಲಾವು? ಅದು ಕೂಡಿಸುವ ತಡೆ 0.035. ಶಾಖ ಇಳಿಯುವುದು ನೂರಕ್ಕೆ ಆರೇಳು ಪಾಲು. ಅದರ ಬದಲು ಗೋಡೆಗೆ ಬಿಳಿ ಸುಣ್ಣ ಬಳಿದರೆ, ಹೀರುವ ಬಿಸಿಲು ನೂರಕ್ಕೆ 25ಕ್ಕೆ ಇಳಿದರೂ ಸಾಕು, ಒಳಗೆ ಬರುವ ಶಾಖದಲ್ಲಿ ಮೂರನೇ ಒಂದು ಪಾಲು ಕಡಿಮೆ. ಎರಡಿಂಚು ಥರ್ಮೋಕೋಲ್ ಹಾಕಿದರೆ ಇನ್ನೂ ಜಾಸ್ತಿ ಲಾಭ. ಅದರ ತಡೆ ಒಂದೇ 1.39, ಅಂದರೆ 1.1 ಮೀಟರ್ ದಪ್ಪದ ಇಟ್ಟಿಗೆ ಗೋಡೆಗೆ ಸಮ. ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ.

ಎಎಸಿ ಬ್ಲಾಕಿನಲ್ಲಿ ಕಟ್ಟಿದ್ದರೆ ಎಂದು ಭಾವ ಕೇಳಿದರು. 200 ಮಿಲಿಮೀಟರ್ ಬ್ಲಾಕಿನ ಗೋಡೆಗೆ ಯು-ವ್ಯಾಲ್ಯೂ 0.68. ಭಾರೀ ಚೆನ್ನಾಗಿದೆ, ಕಾಗದದ ಮೇಲೆ. ನಿಜವಾದ ಗೋಡೆಯಲ್ಲಿ ಆರ್‌ಸಿಸಿ ಪಿಲ್ಲರು, ಬೀಮು ಇರುತ್ತವಲ್ಲ. ಅವುಗಳ ಯು-ವ್ಯಾಲ್ಯೂ 2.9ರ ಹತ್ತಿರ. ಗೋಡೆಯ ನೂರಕ್ಕೆ 15 ಭಾಗ ಕಾಂಕ್ರೀಟ್ ಆದರೆ ಸರಾಸರಿ 1ಕ್ಕೆ ಏರುತ್ತದೆ. ಬರೀ 15 ಭಾಗ ಜಾಗದಿಂದ ಒಟ್ಟು ಶಾಖದ 43 ಭಾಗ ನುಗ್ಗುತ್ತದೆ. ಬ್ಲಾಕಿನ ಜಾಹೀರಾತುಗಳಲ್ಲಿ ಈ ಪಿಲ್ಲರುಗಳು ಯಾಕೋ ಕಾಣಿಸಿಕೊಳ್ಳುವುದಿಲ್ಲ.

ತಾರಸಿಯ ಕಥೆ ಇನ್ನೂ ಕೆಟ್ಟದು. ಮೇಲೆ ಏನೂ ಹಾಕದ ಆರ್‌ಸಿಸಿ ಸ್ಲ್ಯಾಬಿಗೆ ಇದೇ ಸಂಖ್ಯೆ 3 ದಾಟುತ್ತದೆ. ಮನೆಗಳಲ್ಲಿ ವಿದ್ಯುತ್ ಉಳಿಸಲೆಂದು ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಎಂಬ ನಿಯಮಾವಳಿ ಛಾವಣಿಗೆ ಇಟ್ಟ ಮಿತಿ 1.2. ಅದು ಬೇರೆಯೇ ಲೇಖನ ಬಿಡಿ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಒಂದು ಮೋಸ ಇದೆ. ಹೊರಗೆ 56 ಡಿಗ್ರಿ ಹಾಗೇ ನಿಂತಿದ್ದರೆ ಒಳಬದಿಯ ಗೋಡೆ 38 ಡಿಗ್ರಿಗೆ ಬರುತ್ತದೆ ಎನ್ನುತ್ತದೆ ಲೆಕ್ಕ. ಆದರೆ ಬಿಸಿಲು ನಿಲ್ಲುವುದಿಲ್ಲ, ಮುಳುಗುತ್ತದೆ. ಯು-ವ್ಯಾಲ್ಯೂ ಎಷ್ಟು ಶಾಖ ಎಂದು ಹೇಳುತ್ತದೆ, ಎಷ್ಟು ಹೊತ್ತಿಗೆ ಎಂದು ಹೇಳುವುದಿಲ್ಲ. ಅಕ್ಕನ ದೂರು ಇದ್ದದ್ದು ರಾತ್ರಿ ಹತ್ತರ ಬಗ್ಗೆ.

ಇಟ್ಟಿಗೆ ಶಾಖವನ್ನು ದಾಟಿಸುವ ಮೊದಲು ತಾನೇ ಕುಡಿಯುತ್ತದೆ. ಹಗಲು ರಾತ್ರಿಯ ಏರಿಳಿತ ಅದರೊಳಗೆ ಅಲೆಯ ಹಾಗೆ ನಿಧಾನವಾಗಿ ಸಾಗುತ್ತದೆ. ಪ್ರತಿ 12 ಸೆಂಟಿಮೀಟರಿಗೆ ಈ ಅಲೆ ಹತ್ತಿರ ಹತ್ತಿರ ನಾಲ್ಕು ಗಂಟೆ ತಡವಾಗುತ್ತದೆ, ಅದರ ಎತ್ತರದಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಒಂಬತ್ತಿಂಚಿನ ಗೋಡೆ ದಾಟಲು ಏಳು ಗಂಟೆ ಬೇಕು. ಸಂಜೆ ನಾಲ್ಕರ ಬಿಸಿಲು ಹಾಸಿಗೆಯ ತಲೆದಿಂಬಿನ ಹತ್ತಿರ ಬರುವುದು ರಾತ್ರಿ ಹನ್ನೊಂದಕ್ಕೆ. ಫ್ಯಾನ್ ಹಾಕಿದರೂ ಹಿತ ಆಗದ್ದು ಇದಕ್ಕೇ. ಫ್ಯಾನ್ ಗಾಳಿಯನ್ನು ಕದಡುತ್ತದೆ, ಗೋಡೆಯಿಂದ ಮೈಮೇಲೆ ನೇರ ಬೀಳುವ ಝಳಕ್ಕೆ ಅದು ಅಡ್ಡ ಬರುವುದಿಲ್ಲ.

ಆಳಂದ ಕಡೆಯ ಹಳ್ಳಿಯಲ್ಲಿ ಭಾವನವರ ಹಳೇ ಮನೆ ಇದೆ. ಎರಡಡಿ ದಪ್ಪದ ಮಣ್ಣಿನ ಗೋಡೆ. ಅದರ ಯು-ವ್ಯಾಲ್ಯೂ ಸುಮಾರು 1, ಇಟ್ಟಿಗೆ ಗೋಡೆಯ ಅರ್ಧ. ಪಿಲ್ಲರು ಲೆಕ್ಕಕ್ಕೆ ಹಿಡಿಯದ ಬರೀ ಎಎಸಿಯ ಮುಂದೆ ಸೋಲುತ್ತದೆ. ಆದರೆ ಅಷ್ಟು ಮಣ್ಣು ದಾಟುವಷ್ಟರಲ್ಲಿ ಅಲೆ ನೂರಕ್ಕೆ ಒಂದು ಪಾಲೂ ಉಳಿದಿರುವುದಿಲ್ಲ. ಗೋಡೆಯ ಒಳಬದಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಎರಡರ ಸರಾಸರಿ ಮಾತ್ರ.

ಹಾಗಾದರೆ ಥರ್ಮೋಕೋಲನ್ನು ಒಳಗೆ ಹಾಕಬೇಕೋ ಹೊರಗೋ? ಕೂಡುವ ಲೆಕ್ಕಕ್ಕೆ ಎರಡೂ ಒಂದೇ, ಯು-ವ್ಯಾಲ್ಯೂ ಬದಲಾಗುವುದಿಲ್ಲ. ಗೋಡೆಗೆ ಮಾತ್ರ ಒಂದೇ ಅಲ್ಲ. ಹೊರಗೆ ಹಾಕಿದರೆ ಇಟ್ಟಿಗೆಗೆ ಬಿಸಿಲು ಮುಟ್ಟುವುದಿಲ್ಲ, ರಾತ್ರಿ ಕಿಟಕಿ ತೆರೆದಾಗ ಕುಡಿದ ತಂಪನ್ನು ಅದು ಹಗಲೆಲ್ಲ ಹಿಡಿದಿಡುತ್ತದೆ. ಒಳಗೆ ಹಾಕುವುದು ಲಾಭವಾಗುವುದು, ರಾತ್ರಿ ನಾಲ್ಕು ತಾಸು ಎಸಿ ಹಚ್ಚುವವರಿಗೆ. ಎಸಿ ಕೋಣೆಯನ್ನಷ್ಟೇ ತಂಪು ಮಾಡಿದರೆ ಸಾಕಾಗುತ್ತದೆ, ಟನ್‌ಗಟ್ಟಲೆ ಇಟ್ಟಿಗೆಯನ್ನಲ್ಲ.

ಅಕ್ಕ ಲಗ್ನಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸದ್ಯಕ್ಕೆ ಸುಣ್ಣ ಹೊಡೆಸುವುದು ಎಂದಾಯಿತು. ಮರುದಿನ ಮಧ್ಯಾಹ್ನ ಎರಡಕ್ಕೆ ಎಲ್ಲರೂ ಎಲ್ಲಿ ಎಂದು ಹುಡುಕಿದರೆ, ಅದೇ ಪಶ್ಚಿಮದ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದರು. ಗೋಡೆ ಮುಟ್ಟಿದೆ. ಅದರಲ್ಲಿ ಇನ್ನೂ ಬೆಳಗಿನ ಏಳು ಗಂಟೆಯೇ ಇತ್ತು.